ಡಬ್ಬಿಯ ಮೇಲೆ 90, ಡಬ್ಬಿಯೊಳಗೆ ಎಷ್ಟು? ಮನೆಬಣ್ಣದ ಸೀಸಕ್ಕೆ ಹಾಕಿದ ಮಿತಿಯ ಪ್ರಕರಣ ಅಧ್ಯಯನ

2016ರ ನವೆಂಬರ್ 1. ಇಲ್ಲಿ ನಾವು ರಾಜ್ಯೋತ್ಸವದ ಬಾವುಟ ಏರಿಸುತ್ತಿದ್ದ ದಿನವೇ ದೆಹಲಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಸಣ್ಣ ನಿಯಮಾವಳಿಯನ್ನು ರಾಜಪತ್ರದಲ್ಲಿ ಪ್ರಕಟಿಸಿತು. ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ದಾಟುವಂತಿಲ್ಲ. ದಾಟಿದ ಬಣ್ಣವನ್ನು ತಯಾರಿಸುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ, ಹೊರದೇಶದಿಂದ ತರಿಸುವಂತಿಲ್ಲ, ಕಳಿಸುವಂತೆಯೂ ಇಲ್ಲ. ಉದ್ಯಮಕ್ಕೆ ಒಂದು ವರ್ಷದ ಕಾಲಾವಕಾಶ ಕೊಟ್ಟು 2017ರ ನವೆಂಬರ್‌ನಿಂದ ನಿಯಮ ಜಾರಿಗೆ ಬಂತು.

90 ಪಿಪಿಎಂ ಅಂದರೆ ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂ. ಜಗತ್ತಿನಲ್ಲಿ ಸದ್ಯ ಚಾಲ್ತಿಯಲ್ಲಿರುವ ಅತಿ ಬಿಗಿಯಾದ ಮಿತಿ ಇದೇ. ಅಮೆರಿಕ 1978ರಲ್ಲಿ 600 ಪಿಪಿಎಂ ಎಂದು ಗೆರೆ ಎಳೆದು, ಅದನ್ನು 90ಕ್ಕೆ ಇಳಿಸಿದ್ದು 2009ರಲ್ಲಿ. ಹಾಗಾಗಿ ನಮ್ಮ ಕಾನೂನಿನ ಸಂಖ್ಯೆ ಸಡಿಲವಾಗಿದೆ ಎಂದು ಯಾರೂ ದೂರುವಂತಿಲ್ಲ. ಸಡಿಲ ಇರುವುದು ಆ ಸಂಖ್ಯೆಯ ಹಿಂದೆ ಮುಂದೆ ಬರೆದ ಮಾತುಗಳಲ್ಲಿ, ಮತ್ತು ಆ ಸಂಖ್ಯೆಯನ್ನು ಅಳೆಯಬೇಕಾದ ಕೈಗಳಲ್ಲಿ. ಈ ಪ್ರಕರಣವನ್ನು ಎತ್ತಿಕೊಂಡಿದ್ದೂ ಅದಕ್ಕೇ. ರಾಸಾಯನಿಕಗಳ ಮಿತಿ ಎಂದ ಕೂಡಲೇ ಚರ್ಚೆಯೆಲ್ಲ "ಎಷ್ಟಿರಬೇಕು" ಎಂಬಲ್ಲೇ ನಿಂತುಬಿಡುತ್ತದೆ. ಯಾವ ಡಬ್ಬಿಗೆ, ಯಾರು, ಎಲ್ಲಿ ಅಳೆಯುತ್ತಾರೆ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ.

ಬೆಂಗಳೂರಿನ ರಕ್ತ ಪರೀಕ್ಷೆಗಳು

ಈ ಕತೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾತ್ರವಿದೆ. 1990ರ ದಶಕದ ಕೊನೆಯಲ್ಲಿ ಇಲ್ಲಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ಸಾವಿರಾರು ಮಂದಿಯ ರಕ್ತದಲ್ಲಿನ ಸೀಸವನ್ನು ಅಳೆಸಿತು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಂ ಮೀರಿ ಸೀಸ ಇತ್ತು. ಆಗ ಅಪಾಯದ ಗೆರೆ ಎಂದು ಪರಿಗಣಿಸುತ್ತಿದ್ದದ್ದು ಆ 10ನ್ನೇ. ಈಗ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಅದನ್ನು 3.5ಕ್ಕೆ ಇಳಿಸಿದೆ. ಇಷ್ಟರವರೆಗೆ ಸೀಸ ಇದ್ದರೆ ಚಿಂತೆಯಿಲ್ಲ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. 1999ರ ಫೆಬ್ರವರಿಯಲ್ಲಿ ಸೀಸದ ವಿಷಬಾಧೆಯ ಬಗ್ಗೆ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೇ ನಡೆಯಿತು. ಮರುವರ್ಷ ದೇಶದ ಪೆಟ್ರೋಲ್ ಬಂಕ್‌ಗಳಿಂದ ಸೀಸದ ಪೆಟ್ರೋಲ್ ಮರೆಯಾಯಿತು.

ಪೆಟ್ರೋಲ್ ಕತೆ ಮುಗಿದ ಮೇಲೆ ಉಳಿದದ್ದು ಬಣ್ಣ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಅದರ ಬೆನ್ನು ಹತ್ತಿದರು. ಅಮೆರಿಕದ ಸಿನ್ಸಿನಾಟಿಯ ಸ್ಕಾಟ್ ಕ್ಲಾರ್ಕ್ ಮೊದಲಾದವರ ಜೊತೆ ಅವರು ಸೇರಿ 2006ರಲ್ಲಿ ಪ್ರಕಟಿಸಿದ ಸಂಶೋಧನೆ ಬಹಳ ಸರಳವಾದದ್ದು: ಭಾರತ, ಚೀನಾ, ಮಲೇಷ್ಯಾ, ಸಿಂಗಪುರದ ಅಂಗಡಿಗಳಲ್ಲಿ ಸಿಗುವ ಹೊಸ ಮನೆಬಣ್ಣದ ಡಬ್ಬಿಗಳನ್ನು ಕೊಳ್ಳುವುದು, ಒಣಗಿಸುವುದು, ಅಳೆಯುವುದು. ಮೊದಲ ಮೂರು ದೇಶಗಳ ಮಾದರಿಗಳಲ್ಲಿ ಶೇ. 78ರಷ್ಟು ಅಮೆರಿಕದ ಅಂದಿನ 600 ಪಿಪಿಎಂ ಮಿತಿಯನ್ನು ಮುಟ್ಟಿದ್ದವು ಇಲ್ಲವೇ ದಾಟಿದ್ದವು. ಶೇ. 66ರಷ್ಟರಲ್ಲಿ 5000 ಪಿಪಿಎಂ ಅಥವಾ ಅದಕ್ಕಿಂತ ಹೆಚ್ಚು ಸೀಸ. ಕೆಲವದರಲ್ಲಂತೂ ಶೇ. 10ಕ್ಕೂ ಮಿಗಿಲು. ಕಾನೂನು ಇದ್ದ ಸಿಂಗಪುರದಲ್ಲಿ 600 ಮುಟ್ಟಿದ್ದು ಶೇ. 9 ಮಾತ್ರ, 5000 ಮುಟ್ಟಿದ್ದು ಒಂದೂ ಇಲ್ಲ.

ಆ ಲೇಖನದಲ್ಲಿ ನನಗೆ ಇಂದಿಗೂ ಕಚ್ಚುವುದು ಈ ಶೇಕಡಾವಾರುಗಳಲ್ಲ. ಒಂದೇ ಬ್ರ್ಯಾಂಡು ಒಂದು ದೇಶದಲ್ಲಿ ಸೀಸ ತುಂಬಿದ ಬಣ್ಣ ಮಾರುತ್ತಿತ್ತು, ಇನ್ನೊಂದು ದೇಶದಲ್ಲಿ ಅಮೆರಿಕದ ಮಿತಿಗೆ ಒಳಪಟ್ಟ ಬಣ್ಣ ಮಾರುತ್ತಿತ್ತು ಎಂಬ ಮಾತು. ಅಂದರೆ ಸೀಸ ಹಾಕದೆ ಬಣ್ಣ ಮಾಡುವ ವಿದ್ಯೆ ಅವರಿಗೆ ಗೊತ್ತಿತ್ತು. ಕೇಳುವವರು ಇಲ್ಲದ ಕಡೆ ಆ ವಿದ್ಯೆಯನ್ನು ಬಳಸಲಿಲ್ಲ, ಅಷ್ಟೆ.

ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಸುಮಾರು ಅದೇ ಹೊತ್ತಿಗೆ ಭಾರತದ ಬ್ರ್ಯಾಂಡುಗಳನ್ನು ಪರೀಕ್ಷಿಸಲು ಶುರುಮಾಡಿತು. ಗೋಡೆಗೆ ಬಳಿಯುವ, ನೀರಿನಲ್ಲಿ ಕಲಸುವ ಬಣ್ಣಗಳಲ್ಲಿ ಸಮಸ್ಯೆ ಇರಲಿಲ್ಲ. ಇದ್ದದ್ದು ಎಣ್ಣೆ ಆಧಾರಿತ ಎನಾಮೆಲ್‌ನಲ್ಲಿ. ಹೆಸರು ಕೆಡುವ ಭಯಕ್ಕೋ, ರಫ್ತಿನ ಲೆಕ್ಕಾಚಾರಕ್ಕೋ, ದೊಡ್ಡ ಕಂಪನಿಗಳು ಕಾನೂನು ಬರುವ ಮೊದಲೇ ಸೀಸವನ್ನು ಕೈಬಿಡತೊಡಗಿದವು. ಭಾರತೀಯ ಮಾನಕ ಬ್ಯೂರೋದ ಮಿತಿಗಳು ಮೊದಲೂ ಇದ್ದವು, ಆದರೆ ಅವು ಐಚ್ಛಿಕ. ಪಾಲಿಸಿದರೆ ಸಂತೋಷ, ಪಾಲಿಸದಿದ್ದರೆ ಕೇಳುವವರಿಲ್ಲ. 2016ರ ನಿಯಮ ಆ ಐಚ್ಛಿಕವನ್ನು ಕಡ್ಡಾಯ ಮಾಡಿತು.

ಹಳದಿ, ಕೆಂಪು, ಹಸಿರು

ಬಣ್ಣಕ್ಕೆ ಸೀಸ ಸೇರುವ ದಾರಿಗಳು ಮೂರು. ಒಂದು, ವರ್ಣದ್ರವ್ಯ. ಲೆಡ್ ಕ್ರೋಮೇಟ್ ಎಂಬ ಪುಡಿ ಕೊಡುವ ಹಳದಿ ಗಾಢ, ಹೊಳಪು, ಬಿಸಿಲಿಗೆ ಮಾಸುವುದು ನಿಧಾನ, ಒಂದೇ ಸಲ ಬಳಿದರೆ ಕೆಳಗಿನದನ್ನೆಲ್ಲ ಮುಚ್ಚುತ್ತದೆ, ಬೆಲೆಯೂ ಕಡಿಮೆ. ಅದಕ್ಕೆ ಮಾಲಿಬ್ಡೇಟ್ ಸೇರಿದರೆ ಕಿತ್ತಳೆ ಮತ್ತು ಕೆಂಪು, ಪ್ರಷ್ಯನ್ ನೀಲಿ ಸೇರಿದರೆ ಹಸಿರು. ಎರಡನೆಯದು ಡ್ರೈಯರ್: ಎಣ್ಣೆ ಬಣ್ಣ ಬೇಗ ಒಣಗಲಿ ಎಂದು ಬೆರೆಸುವ ಸೀಸದ ಲವಣ. ಇದು ಯಾವ ಬಣ್ಣದ ಡಬ್ಬಿಯಲ್ಲೂ ಇರಬಹುದು, ಬಿಳಿಯಲ್ಲೂ. ಮೂರನೆಯದು ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಳಿಯುವ ಕೆಂಪು ಸೀಸದ ಪ್ರೈಮರ್. ನಮ್ಮ ಗ್ರಿಲ್‌ಗಳಿಗೆ ಸಾಮಾನ್ಯವಾಗಿ ಹಚ್ಚುವ ರೆಡ್ ಆಕ್ಸೈಡ್ ಕಬ್ಬಿಣದ ಆಕ್ಸೈಡಿನಿಂದ ಆದದ್ದು, ಅದು ಬೇರೆ. ಒಣಗಿ ಹಳತಾದ ಮೇಲೆ ಎರಡರ ಬಣ್ಣವೂ ಹತ್ತಿರಹತ್ತಿರ ಇರುವುದರಿಂದ ಕಣ್ಣಿಗೆ ವ್ಯತ್ಯಾಸ ಸಿಗುವುದು ಕಷ್ಟ.

ಹಾಗಾಗಿ ಬಣ್ಣದ ಅಂಗಡಿಯ ಶೇಡ್ ಕಾರ್ಡ್‌ನಲ್ಲಿ ಗೋಲ್ಡನ್ ಯೆಲ್ಲೋ, ಸಿಗ್ನಲ್ ರೆಡ್, ಬಸ್ ಗ್ರೀನ್ ಸಾಲುಗಳನ್ನು ಮೊದಲು ಅನುಮಾನಿಸಬೇಕು. ಅರಿಶಿನ ಕುಂಕುಮದ ಬಾವುಟ ನಮ್ಮದು. ಆಟೋ ನಿಲ್ದಾಣದ ಧ್ವಜಕಂಬಕ್ಕೆ, ಸಂಘದ ಫಲಕಕ್ಕೆ, ಅಂಗನವಾಡಿಯ ಗೇಟಿಗೆ, ಉದ್ಯಾನದ ಜಾರುಬಂಡೆಗೆ ನಾವು ಬಳಿಯುವುದು ಹೆಚ್ಚಾಗಿ ಇವೇ ಎರಡು ಬಣ್ಣಗಳ ಎನಾಮೆಲ್. ಅವೆಲ್ಲ ಸೀಸಮಯ ಎಂದು ನಾನು ಹೇಳುತ್ತಿಲ್ಲ. ಪರೀಕ್ಷಿಸದೆ ಯಾರೂ ಹೇಳಲಾರರು.

ಪ್ರಮಾಣದ ಅಂದಾಜಿಗೆ ಒಂದು ಸಣ್ಣ ಲೆಕ್ಕ. ಕಿಟಕಿಯ ಸರಳಿನಿಂದ ಎದ್ದು ಬಂದ, ಉಗುರಿನಷ್ಟು ಅಗಲದ ಚಕ್ಕೆ ಐವತ್ತು ಮಿಲಿಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಬಣ್ಣದಲ್ಲಿ ಶೇ. 10 ಸೀಸವಿದ್ದರೆ ಆ ಚಕ್ಕೆಯಲ್ಲಿ 5 ಮಿಲಿಗ್ರಾಂ, ಅಂದರೆ 5000 ಮೈಕ್ರೋಗ್ರಾಂ ಸೀಸ. 90 ಪಿಪಿಎಂ ಬಣ್ಣವಾದರೆ ಅದೇ ಚಕ್ಕೆಯಲ್ಲಿ 4.5 ಮೈಕ್ರೋಗ್ರಾಂ. ಮಗುವಿನ ಆಹಾರದಿಂದ ದಿನಕ್ಕೆ ಇದಕ್ಕಿಂತ ಹೆಚ್ಚು ಸೀಸ ಒಳಗೆ ಹೋಗದಿರಲಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಇಟ್ಟುಕೊಂಡಿರುವ ತಾತ್ಕಾಲಿಕ ಮಾನದಂಡ 2.2 ಮೈಕ್ರೋಗ್ರಾಂ. ಇಟ್ಟ ಮಿತಿ ಅತಿಯಾಯಿತು, ಉದ್ಯಮಕ್ಕೆ ಕಿರುಕುಳ ಎನ್ನುವವರಿಗೆ ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಬರೆದು ತೋರಿಸಿದರೆ ಸಾಕು.

ಚಕ್ಕೆಯನ್ನು ಮಗು ತಿನ್ನಲೇಬೇಕೆಂದಿಲ್ಲ. ಬಣ್ಣ ಪುಡಿಯಾಗಿ ನೆಲಕ್ಕೆ ಕೂರುತ್ತದೆ, ಅಂಬೆಗಾಲಿಡುವ ಮಗುವಿನ ಅಂಗೈಗೆ ಹತ್ತುತ್ತದೆ, ಅಂಗೈ ಬಾಯಿಗೆ ಹೋಗುತ್ತದೆ. ದೊಡ್ಡವರ ಹೊಟ್ಟೆ ಹೀರಿಕೊಳ್ಳುವುದು ನುಂಗಿದ ಸೀಸದ ಹತ್ತನೇ ಒಂದು ಪಾಲಿನಷ್ಟಾದರೆ ಪುಟ್ಟ ಮಕ್ಕಳಲ್ಲಿ ಅದು ಅರ್ಧದ ಹತ್ತಿರ ಹೋಗುತ್ತದೆ. ಮೈಯಲ್ಲಿ ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆಯಿದ್ದರೆ ಇನ್ನೂ ಹೆಚ್ಚು, ಏಕೆಂದರೆ ಕರುಳು ಸೀಸವನ್ನು ಅವುಗಳ ದಾರಿಯಲ್ಲೇ ಒಳಗೆ ಬಿಟ್ಟುಕೊಳ್ಳುತ್ತದೆ. ರಕ್ತಹೀನತೆ ಮನೆಮನೆಯ ಸಮಸ್ಯೆಯಾಗಿರುವ ನಾಡಿನಲ್ಲಿ ಇದು ಅಡಿಟಿಪ್ಪಣಿಯ ವಿಷಯವಲ್ಲ. ಸೀಸ ಎಲುಬಿನಲ್ಲಿ ದಶಕಗಟ್ಟಲೆ ಕೂತಿದ್ದು, ಹೆಣ್ಣುಮಗು ಬೆಳೆದು ಬಸುರಿಯಾದಾಗ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಜ್ವರವಿಲ್ಲ, ಗಂಟಿಲ್ಲ, ಕಲೆಯಿಲ್ಲ. ಪಾಠ ಹತ್ತುವುದಿಲ್ಲ, ಕೂತಲ್ಲಿ ಕೂರುವುದಿಲ್ಲ ಎಂದು ಮಾಸ್ತರರು ದೂರುವ ಮಗುವಿಗೆ ಯಾವ ತಾಯಿ ಸೀಸದ ಪರೀಕ್ಷೆ ಮಾಡಿಸುತ್ತಾಳೆ?

ಇದೇನೂ ಹೊಸ ಜ್ಞಾನವಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಡಾ. ಲಾಕ್‌ಹಾರ್ಟ್ ಗಿಬ್ಸನ್ ಮಕ್ಕಳ ಸೀಸಬಾಧೆಗೆ ಕಾರಣ ಜಗಲಿಯ ಕಟಕಟೆಗೆ ಬಳಿದ ಬಣ್ಣವೇ ಎಂದು ಬರೆದದ್ದು 1904ರಲ್ಲಿ. ನಮ್ಮ ರಾಜಪತ್ರಕ್ಕೆ ಬರಲು ಅದಕ್ಕೆ 112 ವರ್ಷ ಹಿಡಿಯಿತು.

"ಮನೆಬಳಕೆಯ ಮತ್ತು ಅಲಂಕಾರಿಕ"

ಈಗ ಸಡಿಲದ ವಿಷಯ. ನಿಯಮದ ಹೆಸರಲ್ಲೇ ಅದರ ಎಲ್ಲೆ ಇದೆ: ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳು. ಕೈಗಾರಿಕಾ ಬಣ್ಣಗಳು, ಅಂದರೆ ಸೇತುವೆ, ಯಂತ್ರ, ವಾಹನ, ರಸ್ತೆಯ ಪಟ್ಟೆಗಳಿಗೆ ಬಳಿಯುವಂಥವು ಈ ಮಿತಿಯ ಹೊರಗೆ. ಕಾಗದದ ಮೇಲೆ ಇದು ಸರಿಯೆನಿಸುತ್ತದೆ, ಸೇತುವೆಯನ್ನು ಯಾವ ಮಗುವೂ ನೆಕ್ಕುವುದಿಲ್ಲ. ಅಂಗಡಿ ಕಟ್ಟೆಯ ಮುಂದೆ ನಿಂತರೆ ಚಿತ್ರ ಬೇರೆ. ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಪೈಪು, ಹಗ್ಗದ ಜೊತೆ ಬಣ್ಣದ ಡಬ್ಬಿಗಳೂ ಒಂದೇ ಕಪಾಟಿನಲ್ಲಿರುತ್ತವೆ. ಗ್ರಿಲ್ಲಿಗೆ ಬೇಕು ಅಂದರೆ ಮಾಲೀಕ ಅರ್ಧ ಲೀಟರ್ ಎನಾಮೆಲ್ ಎತ್ತಿ ಕೊಡುತ್ತಾನೆ. ಅದು ಮನೆಗೋ, ಲೇತ್ ಮಷೀನಿಗೋ ಎಂದು ಅವನು ಕೇಳುವುದಿಲ್ಲ, ಕೇಳಬೇಕಾದ ಹಂಗೂ ಅವನಿಗಿಲ್ಲ. ಪೇಂಟರ್ ಹಿಂದಿನ ಕೆಲಸದಲ್ಲಿ ಉಳಿದದ್ದನ್ನು ಟರ್ಪೆಂಟೈನ್ ಹಾಕಿ ತೆಳುಮಾಡಿ ಇದಕ್ಕೆ ಬಳಿದರೆ ಡಬ್ಬಿಯೇ ಗ್ರಾಹಕನ ಕಣ್ಣಿಗೆ ಬೀಳುವುದಿಲ್ಲ.

ಲೇಬಲ್ ವಿಷಯದಲ್ಲಿ ನಿಯಮ ಚೆನ್ನಾಗಿಯೇ ಇದೆ. ಸೀಸ 90 ಪಿಪಿಎಂ ಮೀರಿಲ್ಲ ಎಂಬ ಘೋಷಣೆ ಡಬ್ಬಿಯ ಮೇಲೆ ಇರಲೇಬೇಕು. ಆದರೆ ಅದು ತಯಾರಕ ತಾನೇ ಬರೆದುಕೊಳ್ಳುವ ಮಾತು. ನಿಜವೋ ಎಂದು ನೋಡುವ ಹೊಣೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯದು. ದೆಹಲಿಯ ಒಂದು ಮಂಡಳಿ, ದೇಶದ ತುಂಬ ಹರಡಿರುವ ಸಣ್ಣಪುಟ್ಟ ಬಣ್ಣದ ಘಟಕಗಳು. ಮೂರು ನಾಲ್ಕು ಡ್ರಮ್ಮು, ಒಂದು ಮಿಕ್ಸರ್, ಸ್ಥಳೀಯ ಹೆಸರಿನ ಲೇಬಲ್, ಸುತ್ತಲಿನ ಎರಡು ಜಿಲ್ಲೆಗಳ ಮಾರುಕಟ್ಟೆ. ನಿಯಮ ಜಾರಿಯಾದ ನಂತರವೂ ಟಾಕ್ಸಿಕ್ಸ್ ಲಿಂಕ್ ಇಂಥ ಸಣ್ಣ ಬ್ರ್ಯಾಂಡುಗಳ ಎನಾಮೆಲ್ ಕೊಂಡು ಪರೀಕ್ಷಿಸಿದಾಗ ಮಿತಿಯ ಹಲವು ಪಟ್ಟು ಸೀಸ ಸಿಕ್ಕಿತು. ಸಣ್ಣವರನ್ನು ಖಳರನ್ನಾಗಿಸುವುದು ಸುಲಭ, ನ್ಯಾಯವಲ್ಲ. ಸೀಸವಿಲ್ಲದ ಸಾವಯವ ಹಳದಿ ದುಬಾರಿ, ಅದೇ ಹೊದಿಕೆ ಬರಲು ಸೂತ್ರ ಬದಲಿಸಬೇಕು. ದೊಡ್ಡ ಕಂಪನಿಗೆ ಅದಕ್ಕೊಂದು ಪ್ರಯೋಗಾಲಯವಿದೆ. ಸಣ್ಣವನಿಗೆ ಇರುವುದು ಪಿಗ್ಮೆಂಟ್ ಮಾರುವ ಏಜೆಂಟನ ಮಾತು. ಏಜೆಂಟ್ ಕೊಟ್ಟ ಪುಡಿಯಲ್ಲಿ ಏನಿದೆ ಎಂದು ಅವನಿಗೇ ಗೊತ್ತಿರದ ಸಂದರ್ಭಗಳೂ ಇರುತ್ತವೆ. ಲೆಡ್ ಕ್ರೋಮೇಟ್ ಮಾರಾಟಕ್ಕೆ ಈ ನಿಯಮ ಕೈ ಹಾಕಿಲ್ಲವಾದ್ದರಿಂದ ಅದು ಕೈಗಾರಿಕಾ ಬಣ್ಣದ ಹೆಸರಲ್ಲಿ ಮಾರುಕಟ್ಟೆಯಲ್ಲಿ ಇದ್ದೇ ಇರುತ್ತದೆ.

ಫಿಲಿಪ್ಪೀನ್ಸ್ ಇಲ್ಲಿ ಬೇರೆ ದಾರಿ ಹಿಡಿಯಿತು. 2013ರ ಆದೇಶದಲ್ಲಿ ಅದೇ 90 ಪಿಪಿಎಂ ಇಟ್ಟು, ಕಟ್ಟಡದ ಬಣ್ಣಗಳಿಗೆ 2016ರ ಕೊನೆಯ ಗಡುವು, ಕೈಗಾರಿಕಾ ಬಣ್ಣಗಳಿಗೆ 2019ರ ಕೊನೆಯ ಗಡುವು ಕೊಟ್ಟಿತು. ಆಮೇಲೆ ಎಲ್ಲ ಡಬ್ಬಿಗೂ ಒಂದೇ ಗೆರೆ. ಪರೀಕ್ಷಕನಿಗೆ ಇದರಿಂದ ದೊಡ್ಡ ಅನುಕೂಲ: ಸಿಕ್ಕಿಬಿದ್ದವನು "ಇದು ಮನೆಗಲ್ಲ ಸ್ವಾಮಿ, ಫ್ಯಾಕ್ಟರಿಗೆ" ಎಂದು ಜಾರಿಕೊಳ್ಳಲು ಸಂದಿಯಿಲ್ಲ. ನಮ್ಮ ನಿಯಮಕ್ಕೆ ಒಂದೇ ಒಂದು ತಿದ್ದುಪಡಿ ತರಬಹುದು ಅಂದರೆ ನಾನು ಕೇಳುವುದು ಇದನ್ನೇ.

ಶಿಕ್ಷೆಯ ಭಾಗವೂ ಈಚೆಗೆ ಬದಲಾಗಿದೆ. ಈ ನಿಯಮ ನಿಂತಿರುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಮೇಲೆ. ಅದರಡಿ ಉಲ್ಲಂಘನೆಗೆ ಐದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಜೈಲನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ತಂದಿತು, ಅದನ್ನು ವಿಧಿಸುವುದು ನ್ಯಾಯಾಲಯವಲ್ಲ, ಅಧಿಕಾರಿ. ಪರಿಸರವಾದಿಗಳು ಇದನ್ನು ಸಡಿಲಿಕೆ ಎಂದರು. ನನಗೆ ಅಷ್ಟು ಖಚಿತವಿಲ್ಲ. ಯಾರೂ ವಿಧಿಸದ ಜೈಲಿಗಿಂತ ಅಧಿಕಾರಿ ನಿಜಕ್ಕೂ ವಸೂಲು ಮಾಡುವ ಎರಡು ಲಕ್ಷ ಹೆಚ್ಚು ಕೆಲಸ ಮಾಡೀತು. ಮೊದಲು ಮಾದರಿ ಎತ್ತಬೇಕು ಎಂಬ ಷರತ್ತು ಎರಡಕ್ಕೂ ಒಂದೇ.

ಚನ್ನಪಟ್ಟಣದಲ್ಲಿ ಇನ್ನೊಂದು 90

ಆಟಿಕೆಗಳಿಗೂ ಸೀಸದ ಮಿತಿ 90 ಎಂದೇ ಇದೆ, ಆದರೆ ಅದು ಬೇರೆ 90. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಅದರ ಹಿಂದಿರುವ ಮಾನಕದ ಮೂರನೇ ಭಾಗ ಅಳೆಯುವುದು ಬಣ್ಣದಲ್ಲಿ ಒಟ್ಟು ಎಷ್ಟು ಸೀಸ ಇದೆ ಎಂದಲ್ಲ, ಮಗು ನುಂಗಿದರೆ ಹೊಟ್ಟೆಯಲ್ಲಿ ಎಷ್ಟು ಬಿಟ್ಟುಕೊಳ್ಳುತ್ತದೆ ಎಂದು. ಆಟಿಕೆಯ ಬಣ್ಣ ಕೆರೆದು, ಜಠರದ ಆಮ್ಲವನ್ನು ಹೋಲುವ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ, 37 ಡಿಗ್ರಿಯಲ್ಲಿ ಒಂದು ಗಂಟೆ ಕುಲುಕಿ, ಇನ್ನೊಂದು ಗಂಟೆ ಸುಮ್ಮನೆ ಬಿಟ್ಟು, ಆಮೇಲೆ ದ್ರವದಲ್ಲಿ ಇಳಿದ ಸೀಸವನ್ನು ಅಳೆಯುತ್ತಾರೆ. ಸೀಸದ ಕೆಲವು ಸಂಯುಕ್ತಗಳು ಆಮ್ಲದಲ್ಲಿ ಸುಲಭಕ್ಕೆ ಕರಗುವುದಿಲ್ಲ. ಹೀಗಾಗಿ ಒಟ್ಟು ಸೀಸ 90 ಪಿಪಿಎಂ ದಾಟಿದ ಬಣ್ಣವೂ ಈ ಪರೀಕ್ಷೆಯಲ್ಲಿ ಪಾಸಾಗುವ ಸಾಧ್ಯತೆ ಇದೆ. "90 ಒಳಗಿದೆ" ಎಂದು ಯಾರಾದರೂ ಹೇಳಿದರೆ ಯಾವ 90 ಎಂದು ಕೇಳುವುದು ಒಳ್ಳೆಯದು.

ಚನ್ನಪಟ್ಟಣದ ಗೊಂಬೆಗಳು ಈ ಗುರುತಿನ ಹೊರಗಿವೆ. ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ, ನೋಂದಾಯಿತ ಕರಕುಶಲಿಗಳು ಮಾಡಿದವಕ್ಕೂ ಕೇಂದ್ರ ವಿನಾಯಿತಿ ಕೊಟ್ಟಿದೆ. ಒಂದೊಂದು ಮಾದರಿಗೂ ಪ್ರಯೋಗಾಲಯದ ಶುಲ್ಕ ಕಟ್ಟುವುದು ಮನೆಯಲ್ಲೇ ಕಡೆಯುವ ಕುಶಲಕರ್ಮಿಗೆ ಆಗದ ಮಾತು, ಆದ್ದರಿಂದ ವಿನಾಯಿತಿಗೆ ಅರ್ಥವಿದೆ. ಕಸುಬಿನ ರೀತಿಯೂ ಸೀಸವನ್ನು ಬೇಡುವುದಿಲ್ಲ. ಹಾಲೆ ಮರದ ತುಂಡನ್ನು ಚರಕಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ, ತಾಳೆಗರಿ ಹಿಡಿದು ಒರೆಸಿದರೆ ಹೊಳಪು. ಎನಾಮೆಲ್ ಇಲ್ಲ, ಡ್ರೈಯರ್ ಇಲ್ಲ. ಎಲ್ಲ ನಿಂತಿರುವುದು ಅರಗಿಗೆ ಕಲಸಿದ ಬಣ್ಣ ಯಾವುದು ಎಂಬುದರ ಮೇಲೆ. ಅರಿಶಿನ, ನೀಲಿ ಮೊದಲಾದ ಸಸ್ಯಮೂಲದ ಬಣ್ಣವಾದರೆ ಚಿಂತೆಯಿಲ್ಲ. ಪೇಟೆಯ ಪುಡಿಯಾದರೆ ಆ ಪುಡಿಯಲ್ಲಿ ಏನಿದೆ ಎಂದು ತಿಳಿಯಬೇಕು. ಪ್ರತಿ ಗೊಂಬೆಯನ್ನಲ್ಲ, ಊರಿಗೆ ಬರುವ ಬಣ್ಣದ ಪುಡಿಯನ್ನು ಪರೀಕ್ಷಿಸಿದರೆ ಖರ್ಚೂ ಕಡಿಮೆ, ವಿನಾಯಿತಿಗೂ ಧಕ್ಕೆಯಿಲ್ಲ.

ಮೂಲದಲ್ಲೇ ಹಿಡಿಯುವ ಈ ಉಪಾಯ ಎಷ್ಟು ಫಲ ಕೊಡುತ್ತದೆ ಎನ್ನಲು ಬಾಂಗ್ಲಾದೇಶದ ಉದಾಹರಣೆ ಇದೆ. ಅಲ್ಲಿ ಅರಿಶಿನದ ಕೊಂಬಿಗೆ ಬಣ್ಣ ಬರಲು ಇದೇ ಲೆಡ್ ಕ್ರೋಮೇಟನ್ನು ಉಜ್ಜುತ್ತಿದ್ದರು. 2019ರಲ್ಲಿ ಅಧಿಕಾರಿಗಳು ಎಕ್ಸ್‌ಆರ್‌ಎಫ್ ಎಂಬ, ಕೈಯಲ್ಲಿ ಹಿಡಿಯುವ ಯಂತ್ರವನ್ನು ಸಗಟು ಮಾರುಕಟ್ಟೆಗೇ ಒಯ್ದು, ಕ್ಷಣಾರ್ಧದಲ್ಲಿ ಅಳೆದು, ಸ್ಥಳದಲ್ಲೇ ದಂಡ ಹಾಕಿದರು. ಮಾರುಕಟ್ಟೆಯ ಅರಿಶಿನ ಮಾದರಿಗಳಲ್ಲಿ ಸೀಸ ಕಂಡದ್ದು 2019ರಲ್ಲಿ ಶೇ. 47, 2021ರ ಹೊತ್ತಿಗೆ ಸೊನ್ನೆ. ಮಿತಿಯ ಸಂಖ್ಯೆಯನ್ನು ಅವರು ಬದಲಿಸಿರಲಿಲ್ಲ, ಯಂತ್ರವನ್ನು ಮಾರುಕಟ್ಟೆಗೆ ತಂದಿದ್ದರು. ಬಣ್ಣದ ಒಣಗಿದ ಪದರದ ಮೇಲೂ ಅದೇ ಯಂತ್ರ ಕೆಲಸ ಮಾಡುತ್ತದೆ. 90ರಷ್ಟು ಕಡಿಮೆ ಪ್ರಮಾಣವನ್ನು ಖಚಿತಪಡಿಸಲು ಪ್ರಯೋಗಾಲಯ ಬೇಕಾಗಬಹುದು, ಆದರೆ ಸಾವಿರಗಟ್ಟಲೆ ಪಿಪಿಎಂ ಇರುವ ಡಬ್ಬಿಯನ್ನು ಅಂಗಡಿಯಲ್ಲೇ ಗುರುತಿಸಬಹುದು.

ಹಳೆಯ ಗ್ರಿಲ್ಲು

ನಿಯಮ ಏನೇ ಇದ್ದರೂ ಅದು ಹೊಸ ಡಬ್ಬಿಗೆ ಸಂಬಂಧಿಸಿದ್ದು. 2017ಕ್ಕೆ ಮೊದಲು ಬಳಿದ ಕಿಟಕಿ, ಬಾಗಿಲು, ತೊಟ್ಟಿಲು, ಶಾಲೆಯ ಬೆಂಚುಗಳ ಬಗ್ಗೆ ಅದು ಮಾತಾಡುವುದಿಲ್ಲ. ಅವುಗಳ ಮೇಲೆ ಒಂದರ ಮೇಲೊಂದು ಕೂತ ಐದಾರು ಪದರಗಳಿವೆ. ದೀಪಾವಳಿಗೋ ಮದುವೆಗೋ ಮುನ್ನ ಪೇಂಟರ್ ಬಂದು ಮೊದಲು ಮಾಡುವ ಕೆಲಸ ಆ ಪದರಗಳನ್ನು ಒಣ ಉಪ್ಪುಕಾಗದದಿಂದ ಉಜ್ಜುವುದು. ಮನೆಯೊಳಗೆ ಸೀಸದ ಧೂಳು ಅತಿ ಹೆಚ್ಚು ಏಳುವುದು ಆಗಲೇ, ಮತ್ತು ಅದನ್ನು ಮೊದಲು ಉಸಿರಾಡುವವನು ಪೇಂಟರ್.

ಆ ದಿನ ಮಾಡಬಹುದಾದದ್ದು ಇಷ್ಟು. ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಕೆರೆಯದೆ ಅದರ ಮೇಲೆಯೇ ಹೊಸ ಕೋಟು ಹಾಕಿಸಿ. ಕೆರೆಯಲೇಬೇಕಿದ್ದರೆ ಪೇಂಟರ್‌ಗಳು ವಾಟರ್ ಪೇಪರ್ ಅನ್ನುವುದನ್ನು ತರಿಸಿ, ನೀರು ಹಾಕಿಕೊಂಡು ಉಜ್ಜಲು ಹೇಳಿ. ಬ್ಲೋ ಲ್ಯಾಂಪಿನಿಂದ ಸುಡುವುದು ಬೇಡ, ಹೊಗೆಯಲ್ಲೂ ಸೀಸ ಹೋಗುತ್ತದೆ. ಮಕ್ಕಳನ್ನೂ ಬಸುರಿಯರನ್ನೂ ಆ ಎರಡು ಮೂರು ದಿನ ಬೇರೆ ಮನೆಯಲ್ಲಿ ಇರಿಸಿ. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮಗುವಿನ ಬಗ್ಗೆ ಅನುಮಾನವಿದ್ದರೆ ರಕ್ತದಲ್ಲಿನ ಸೀಸದ ಪರೀಕ್ಷೆಯನ್ನು ದೊಡ್ಡ ಪ್ರಯೋಗಾಲಯಗಳು ಮಾಡುತ್ತವೆ. ಅಂಕಿ ಸ್ವಲ್ಪ ಹೆಚ್ಚಿದ್ದರೆ ವೈದ್ಯರು ಔಷಧಿಗಿಂತ ಮೊದಲು ಮೂಲವನ್ನು ದೂರ ಮಾಡಲು, ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಸರಿಪಡಿಸಲು ಹೇಳುತ್ತಾರೆ. ಸೀಸವನ್ನು ಹೊರಗೆಳೆಯುವ ಚಿಕಿತ್ಸೆ ಸಾಮಾನ್ಯವಾಗಿ ಡೆಸಿಲೀಟರ್ ರಕ್ತಕ್ಕೆ 45 ಮೈಕ್ರೋಗ್ರಾಂ ಮುಟ್ಟಿದವರಿಗೆ. ಕೆರೆದ ಪುಡಿಯನ್ನು ಒದ್ದೆ ಇರುವಾಗಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಡಿ. ಅದನ್ನು ಹಿತ್ತಲಿನ ಸೊಪ್ಪಿನ ಪಾತಿಗೆ ಸುರಿಯಬೇಡಿ.